ಮೊಲ್ತಿಪ್ಲಿಕಾರೆ ಎಂದರೆ ಬರೀ ಗುಣಿಸುವುದೇ?

ಇಟಾಲಿಯನ್ ಕಲಿಯುವ ಕನ್ನಡಿಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಮೊಲ್ತಿಪ್ಲಿಕಾರೆ ಎಂದರೆ ಗುಣಿಸು ಎಂದು ಕಲಿತಿದ್ದೇವೆ; ಇಲಿಗಳ ಕಾಟ ಹೆಚ್ಚಿದಾಗಲೂ ಇಟಲಿಯವರು ಅದೇ ಕ್ರಿಯಾಪದ ಬಳಸುತ್ತಾರಲ್ಲ, ಅಲ್ಲಿ ಏನನ್ನು ಗುಣಿಸುತ್ತಾರೆ?’

ಪದದ ಮೂಲ ಲ್ಯಾಟಿನ್. ‘ಮುಲ್ತುಸ್’ ಎಂದರೆ ಬಹಳ, ‘ಪ್ಲಿಕಾರೆ’ ಎಂದರೆ ಮಡಿಸು. ಇಮ್ಮಡಿ, ಮುಮ್ಮಡಿ, ನೂರ್ಮಡಿ ಎನ್ನುವ ನಮಗೆ ಇದು ಅಪರಿಚಿತವಾಗಬೇಕಿಲ್ಲ, ಏಕೆಂದರೆ ನಮ್ಮ ‘ಮಡಿ’ಯೂ ಬಟ್ಟೆಯ ಮಡಿಕೆಯಿಂದಲೇ ಲೆಕ್ಕಕ್ಕೆ ಬಂದದ್ದು. ಆದ್ದರಿಂದ ‘ಗುಣಿಸು’ ಎಂಬುದನ್ನು ಬದಿಗಿಟ್ಟು ‘ಹಲವು ಮಡಿ ಮಾಡು’ ಎಂದು ಇಟ್ಟುಕೊಂಡರೆ ಲೆಕ್ಕವೂ ಇಲಿಯೂ ಒಂದೇ ಅರ್ಥದೊಳಗೆ ಬರುತ್ತವೆ.

ಲೆಕ್ಕದಲ್ಲಿ ಇದರ ಜೊತೆಗಾರ ‘ಪೆರ್’. ನಾವು ಮಗ್ಗಿಯಲ್ಲಿ ‘ಮೂರು ನಾಲ್ಕ್ಲಿ ಹನ್ನೆರಡು’ ಎನ್ನುವುದನ್ನು ಅಲ್ಲಿಯ ಮಕ್ಕಳು ‘ತ್ರೆ ಪೆರ್ ಕ್ವಾತ್ರೊ ದೋದಿಚಿ’ ಎನ್ನುತ್ತಾರೆ. ಹಾಗೆಂದು ‘ಪೆರ್’ ಕಂಡಲ್ಲೆಲ್ಲ ಗುಣಿಸಬೇಡಿ: ‘ದಿವೀದೆರೆ ದೋದಿಚಿ ಪೆರ್ ತ್ರೆ’ ಎಂದರೆ ಹನ್ನೆರಡನ್ನು ಮೂರರಿಂದ ಭಾಗಿಸುವುದು.

ನಿಜವಾದ ತೊಡಕಿರುವುದು ಇಲಿಗಳ ವಾಕ್ಯದಲ್ಲಿ. ಕನ್ನಡದಲ್ಲಿ ‘ಹೆಚ್ಚು’ ಎಂಬುದು ತಾನಾಗಿ ಆಗುವ ಕ್ರಿಯೆ. ಅದಕ್ಕೆ ‘ಇಸು’ ಸೇರಿಸಿ ‘ಹೆಚ್ಚಿಸು’ ಮಾಡುತ್ತೇವೆ. ಇಟಾಲಿಯನ್ನಿನ ನಡೆ ಇದಕ್ಕೆ ತಿರುಗುಮುರುಗು. ಮೂಲರೂಪವಾದ ‘ಮೊಲ್ತಿಪ್ಲಿಕಾರೆ’ಯೇ ‘ಹೆಚ್ಚಿಸು’. ತಾನಾಗಿ ಹೆಚ್ಚುವುದಕ್ಕೆ ‘ಸಿ’ ಸೇರಿಸಿ ‘ಮೊಲ್ತಿಪ್ಲಿಕಾರ್ಸಿ’ ಎನ್ನಬೇಕು. ‘ಇ ತೋಪಿ ಸಿ ಮೊಲ್ತೀಪ್ಲಿಕನೊ’ ಎಂದರೆ ‘ಇಲಿಗಳು ಹೆಚ್ಚುತ್ತಿವೆ’; ‘ಸಿ’ ಬಿಟ್ಟರೆ ಆ ಇಲಿಗಳು ಕೂತು ಮತ್ತೇನನ್ನೋ ಗುಣಿಸುತ್ತಿರುವಂತೆ ಕೇಳಿಸುತ್ತದೆ. ಭೂತಕಾಲದಲ್ಲಿ ಸಹಾಯಕ ಕ್ರಿಯಾಪದವೂ ಬದಲಾಗುತ್ತದೆ: ಸಂಖ್ಯೆಯನ್ನು ಗುಣಿಸಿದವನು ‘ಓ ಮೊಲ್ತಿಪ್ಲಿಕಾತೊ’ ಎನ್ನುತ್ತಾನೆ, ಇಲಿಗಳಿಗಾದರೆ ‘ಸಿ ಸೋನೊ ಮೊಲ್ತಿಪ್ಲಿಕಾತಿ’. ಬೈಬಲಿನ ಆದಿಕಾಂಡದಲ್ಲಿ ದೇವರು ‘ಮೊಲ್ತಿಪ್ಲಿಕಾತೆವಿ’ ಎಂದು ಹರಸುವುದೂ ಈ ಎರಡನೆಯ ಬಗೆಯದೇ, ‘ಹೆಚ್ಚಿರಿ’ ಎಂಬರ್ಥದಲ್ಲಿ.

ಉಚ್ಚಾರಣೆಯಲ್ಲಿ ‘ನಾನು ಗುಣಿಸುತ್ತೇನೆ’ ಎನ್ನುವಾಗ ಒತ್ತು ‘ತಿ’ಯ ಮೇಲೆ, ‘ಮೊಲ್ತೀಪ್ಲಿಕೊ’. ‘ನೀನು ಗುಣಿಸುತ್ತೀಯ’ ಎಂಬ ‘ಮೊಲ್ತೀಪ್ಲಿಕಿ’ಯನ್ನು ಬರೆಯುವಾಗ ಸಿ (c) ಅಕ್ಷರದ ನಂತರ ಒಂದು ಎಚ್ (h) ಬರಲೇಬೇಕು, ಇಲ್ಲದಿದ್ದರೆ ಅದು ‘ಮೊಲ್ತೀಪ್ಲಿಚಿ’ ಆಗುತ್ತದೆ. ಆ ಮೂಕ ಎಚ್‌ಗೆ ಇಟಲಿಯಲ್ಲಿ ‘ಅಕ್ಕ’ ಎಂದು ಹೆಸರು. ನನ್ನ ವಿದ್ಯಾರ್ಥಿಗಳು ಬೇರೆ ಯಾವ ನಿಯಮ ಮರೆತರೂ ಇಲ್ಲಿ ಅಕ್ಕನನ್ನು ಕರೆಯುವುದನ್ನು ಮರೆಯುವುದಿಲ್ಲ.