ಪುಷ್ಪಕದ ಮೂರನೇ ರೆಕ್ಕೆ: ಎರಿ ಹೊಲದ ಟಿಪ್ಪಣಿ

ಮಾರ್ಚ್, ಮೊದಲ ವಾರ

ಬಿಳಿಜೋಳ ಕೊಯ್ದು ಹೊಲ ಖಾಲಿಯಾಯಿತು. ವಿಜಯಪುರದ ಹೊರಗಿನ ಈ ಎರಿ ಹೊಲದಲ್ಲಿ ಮಳೆಗಾಲದ ಬಿತ್ತನೆಯವರೆಗೆ ರಿಮೋಟಿನಿಂದ ನಡೆಸುವ ಮಾದರಿ ವಿಮಾನ ಹಾರಿಸಲು ಅಡ್ಡಿಯಿಲ್ಲ. ಓಡುದಾರಿ 60 ಮೀಟರ್ ಉದ್ದ, 6 ಮೀಟರ್ ಅಗಲ, ಪಡುವಣದಿಂದ ಮೂಡಣಕ್ಕೆ. ಕೂಳೆ ಕಿತ್ತು, ಎರಡು ಸಲ ಕುಂಟೆ ಹೊಡೆದು, ಹೆಂಟೆ ಒಡೆಯಲು ಕೊರಡು ಎಳೆದದ್ದಾಯಿತು. ಕೂಳೆಯನ್ನು ಬುಡಸಮೇತ ಕೀಳಬೇಕು. ಬೆರಳುದ್ದ ಉಳಿದರೂ ಇಳಿಯುವ ವಿಮಾನದ ಹೊಟ್ಟೆಗೆ ಹೊದಿಸಿದ ಪ್ಲಾಸ್ಟಿಕ್ ಫಿಲ್ಮನ್ನು ಚಾಕುವಿನಂತೆ ಸೀಳುತ್ತದೆ.

ಚಕ್ರಗಳನ್ನು 55 ಮಿಮೀನಿಂದ 75 ಮಿಮೀಗೆ ಬದಲಿಸಲಾಗಿದೆ. ಎರಿ ಮಣ್ಣು ಒಣಗಿದಂತೆ ಬಿರುಕು ಬಿಡುತ್ತದೆ, ಸಣ್ಣ ಚಕ್ರ ಆ ಬಿರುಕಿಗೆ ಇಳಿದು ವಿಮಾನ ಮುಗ್ಗರಿಸುತ್ತದೆ. ದೊಡ್ಡ ಬಿರುಕುಗಳಿಗೆ ಪುಡಿಮಣ್ಣು ತುಂಬಿ ನೀರು ಚಿಮುಕಿಸಿದರೆ ಎರಡು ವಾರ ತಡೆಯುತ್ತದೆ.

2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ದಾಟಿ 2 ಕೆಜಿವರೆಗಿನದು ಮೈಕ್ರೋ ವರ್ಗ. ನಮ್ಮ ನಾಲ್ಕೂ ವಿಮಾನ (ಸೆಸ್ನಾ, ಫ್ಲೈಯಿಂಗ್ ವಿಂಗ್, ಎಚ್‌ಟಿ-2, ಪುಷ್ಪಕ) ಅದರೊಳಗೇ ಬರುತ್ತವೆ. ಹೊಲ ಅನುಮತಿಯಿಲ್ಲದೆ ಹಾರಿಸಬಹುದಾದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಕೊಂಡೇ ಹಾರಿಸುವುದು, 120 ಮೀಟರ್ ಮೇಲೆ ಹೋಗದಿರುವುದು.

ಮಾರ್ಚ್, ಮೂರನೇ ವಾರ

ಈ ಹಂಗಾಮಿನ ಕೆಲಸ ಒಂದು ಪ್ರಶ್ನೆಯಿಂದ ಶುರುವಾಗಿದೆ. ನಾವು ಮೂವರೂ ನಾಲ್ಕೂ ವಿಮಾನ ಹಾರಿಸಿದ್ದೇವೆ, ಯಾವುದು ಮೇಲು ಎನ್ನುವುದರಲ್ಲಿ ಒಮ್ಮತವಿಲ್ಲ. ವೇಗ, ಚೆಲುವು, ಸುಲಭ ಎಂದು ಒಬ್ಬೊಬ್ಬರ ಅಳತೆಗೋಲು ಒಂದೊಂದು. ಕೊನೆಗೆ ಎಲ್ಲರೂ ಒಪ್ಪಿದ ಅಳತೆ ಇದು: ಸ್ಟಾಲ್ ಆಗುವ, ಅಂದರೆ ವೇಗ ತಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಮೊದಲು ವಿಮಾನ ಮುನ್ಸೂಚನೆ ಕೊಡುತ್ತದೆಯೋ ಇಲ್ಲವೋ. ಕೊಡುವುದನ್ನೇ ನಂಬಿ ಕೆಳಗೆ ತರಬಹುದು. ಉಳಿದ ಗುಣಗಳೆಲ್ಲ ಆಮೇಲಿನವು.

ಪರೀಕ್ಷೆ ಎಲ್ಲಕ್ಕೂ ಒಂದೇ. ಬೆಳಗಿನ ಆರೂವರೆ, ಗಾಳಿ ಗಂಟೆಗೆ 8 ಕಿಮೀ ಒಳಗೆ, ಎತ್ತರ 60 ಮೀಟರ್. ಥ್ರಾಟಲ್ ಪೂರ್ತಿ ಇಳಿಸಿ, ಎಲಿವೇಟರನ್ನು (ಮೂತಿ ಏರಿಳಿಸುವ ಬಾಲದ ಪಟ್ಟಿ) ಐದು ಸೆಕೆಂಡಿನಲ್ಲಿ ನಿಧಾನಕ್ಕೆ ಕೊನೆವರೆಗೆ ಎಳೆಯಬೇಕು. ಏಲೆರಾನ್ (ವಿಮಾನವನ್ನು ಎಡಬಲಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಮುಟ್ಟಬಾರದು. ಮುನ್ಸೂಚನೆ ಬಂತೇ, ಯಾವ ರೆಕ್ಕೆ ಮೊದಲು ಕುಸಿಯಿತು, ಸಾವರಿಸಿಕೊಳ್ಳಲು ಎಷ್ಟು ಎತ್ತರ ಹೋಯಿತು ಎಂದು ಬರೆದುಕೊಳ್ಳಬೇಕು. ಎತ್ತರವನ್ನು ರಿಸೀವರಿಗೆ ಜೋಡಿಸಿದ ವೇರಿಯೋಮೀಟರ್ ಕೊಡುತ್ತದೆ.

ಸೆಸ್ನಾ 172 ಆಕಾರದ ಫೋಮ್ ವಿಮಾನ, 1.4 ಮೀಟರ್ ರೆಕ್ಕೆ, 1.1 ಕೆಜಿ. ಮೂತಿ ಎರಡು ಸಲ ತಲೆದೂಗಿ, ನೇರವಾಗಿ ತಗ್ಗಿ, 6 ಮೀಟರಿನಲ್ಲಿ ಸಾವರಿಸಿತು. ಅಸಲಿ 172 ಮೊದಲು ಹಾರಿದ್ದು 1955ರಲ್ಲಿ, 44,000ಕ್ಕೂ ಹೆಚ್ಚು ತಯಾರಾಗಿವೆ. ಕಲಿಯುವವರ ಕೈಗೆ ಅದನ್ನೇ ಏಕೆ ಕೊಡುತ್ತಾರೆ ಎನ್ನುವುದು ಈ ಫೋಮಿನ ಗೊಂಬೆಯಲ್ಲೂ ಗೊತ್ತಾಗುತ್ತದೆ. ತೊಂದರೆ ಇರುವುದು ಮೂತಿ ಚಕ್ರದಲ್ಲಿ. ಮೆತ್ತನೆ ಮಣ್ಣಿಗೆ ಹೂತುಕೊಂಡು, ಮೋಟಾರ್ ಕೂರುವ ಮುಂಗೋಡೆಯಾದ ಫೈರ್‌ವಾಲ್ ಹತ್ತಿರದ ಫೋಮನ್ನು ಒಡೆಯುತ್ತದೆ. ಅಲ್ಲಿ 3 ಮಿಮೀ ಪ್ಲೈ ತುಂಡನ್ನು 30 ನಿಮಿಷದ ಎಪಾಕ್ಸಿಯಿಂದ ಕೂರಿಸಿ, ಚಕ್ರದ ತಂತಿಯನ್ನು ನೈಲಾನ್ ಬೋಲ್ಟಿನಿಂದ ಬಿಗಿದಿದ್ದೇವೆ. ಪೆಟ್ಟು ಬಿದ್ದರೆ ಬೋಲ್ಟ್ ತುಂಡಾಗಲಿ, ಮೂತಿ ಉಳಿಯಲಿ.

ಇಪಿಪಿ ಎಂಬ ಬಾಗುವ ಫೋಮಿನಿಂದ ಮಾಡಿದ 1 ಮೀಟರಿನ ಫ್ಲೈಯಿಂಗ್ ವಿಂಗ್ (ಬಾಲವಿಲ್ಲದ, ಬರೀ ರೆಕ್ಕೆಯ ವಿಮಾನ) ಗಾಳಿ ಸೀಳಿಕೊಂಡು ಹೋಗುತ್ತದೆ, ಬಿದ್ದರೆ ಒಡೆಯುವುದಿಲ್ಲ. ಆದರೆ ಸಿಜಿ (ತೂಕ ಸಮತೂಗುವ ಬಿಂದು) 5 ಮಿಮೀ ಹಿಂದೆ ಸರಿದರೆ ಸಾಕು, ಮೂತಿ ಎತ್ತಿ ಪಲ್ಟಿ ಹೊಡೆಯುತ್ತದೆ. ಬ್ಯಾಟರಿಯ ಜಾಗಕ್ಕೆ ಗೆರೆ ಹಾಕಿ ಅಲ್ಲೇ ಇಡಬೇಕು. ಹೊಟ್ಟೆಗೆ ಹಳದಿ ಬಣ್ಣ ಕಡ್ಡಾಯ, ಇಲ್ಲದಿದ್ದರೆ ದೂರದಲ್ಲಿ ಮೇಲುಗಡೆ ಯಾವುದು, ಕೆಳಗಡೆ ಯಾವುದು ತಿಳಿಯದು.

ಎಚ್‌ಟಿ-2, ಅಳತೆ 1:8, ರೆಕ್ಕೆ 1.34 ಮೀಟರ್, 1.5 ಕೆಜಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿ 1951ರಲ್ಲಿ ಹಾರಿಸಿದ ತರಬೇತಿ ವಿಮಾನದ ಮಾದರಿ. ತಗ್ಗಿನ ರೆಕ್ಕೆ, ಬಾಲಚಕ್ರ, ಹಿಂದೆ ಮುಂದೆ ಎರಡು ಆಸನ. ನಾಲ್ಕರಲ್ಲಿ ನೋಡಲು ಇದೇ ಚೆಂದ, ಆಕಾಶದಲ್ಲಿ ಸುತ್ತು ಹಾಕಿದರೆ ಕಣ್ಣು ಕೀಳಲಾಗದು. ಸ್ಟಾಲ್ ಪರೀಕ್ಷೆಯಲ್ಲಿ ಮಾತ್ರ ಒಂದು ಸೂಚನೆಯೂ ಇಲ್ಲದೆ ಎಡರೆಕ್ಕೆ ಕೆಡವಿ 20 ಮೀಟರ್ ನುಂಗಿತು. ಇದು ಮಾದರಿಯ ದೋಷ. ತುದಿಗೆ ಕಿರಿದಾಗುವ ರೆಕ್ಕೆಯನ್ನು ಸಣ್ಣ ಅಳತೆಗೆ ತಂದಾಗ ತುದಿಯ ಅಗಲ ತೀರಾ ಕಡಿಮೆಯಾಗಿ, ಗಾಳಿ ಮೊದಲು ಅಲ್ಲೇ ಬಿಟ್ಟುಕೊಡುತ್ತದೆ. ಇದರ ಜೊತೆಗೆ 25 ಚದರ ಡೆಸಿಮೀಟರ್ ರೆಕ್ಕೆಗೆ 1.5 ಕೆಜಿ ಎಂದರೆ ಪ್ರತಿ ಚದರ ಡೆಸಿಮೀಟರಿಗೆ 60 ಗ್ರಾಂ ಭಾರ.

ತಾತ್ಕಾಲಿಕ ಮದ್ದು: ಬಾಲ್ಸಾ ಎಂಬ ಹಗುರ ಮರದ 6 ಮಿಮೀ ತ್ರಿಕೋನ ಪಟ್ಟಿ, 70 ಮಿಮೀ ಉದ್ದ, ಎರಡೂ ರೆಕ್ಕೆಯ ಬುಡದ ಮುಂಚೂಣಿ ಅಂಚಿಗೆ. ಇದು ಬುಡದಲ್ಲಿ ಗಾಳಿಯನ್ನು ಬೇಕೆಂದೇ ಮೊದಲು ಕೆಡಿಸುತ್ತದೆ, ಆಗ ತುದಿ ಇನ್ನೂ ಹಿಡಿದಿರುವಾಗಲೇ ಮೂತಿ ತಗ್ಗುತ್ತದೆ. ಮೊದಲು ಟೇಪಿನಿಂದಷ್ಟೇ ಅಂಟಿಸಿ ಹಾರಿಸಿ ನೋಡಬೇಕು. ಪಟ್ಟಿ 1 ಮಿಮೀ ಮೇಲೆ ಕೆಳಗೆ ಆದರೂ ಫಲ ಬದಲಾಗುತ್ತದೆ. ಸರಿ ಕೂತ ಮೇಲೆ ನಷ್ಟ 20ರಿಂದ 12 ಮೀಟರಿಗೆ ಇಳಿಯಿತು.

ನಾಲ್ಕನೆಯದು ಪುಷ್ಪಕ. ಎಚ್‌ಎಎಲ್‌ನದೇ, 1958ರಲ್ಲಿ ಮೊದಲು ಹಾರಿದ್ದು. 90 ಅಶ್ವಶಕ್ತಿಯ ಎಂಜಿನ್, ಪಕ್ಕಪಕ್ಕದಲ್ಲಿ ಎರಡು ಆಸನ, ತಲೆಯ ಮೇಲೆ ರೆಕ್ಕೆ, ಅದಕ್ಕೆ ಕೆಳಗಿನಿಂದ ಊರುಗೋಲು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಕಲಿತದ್ದು ಇದರಲ್ಲೇ. ನಮ್ಮದು 1:7 ಅಳತೆ, ರೆಕ್ಕೆ 1.57 ಮೀಟರ್, ಅಗಲ 21 ಸೆಂಮೀ, ಕ್ಲಾರ್ಕ್ ವೈ ಎಂಬ ಆಕಾರದ ಅಡ್ಡಕೊಯ್ತ. ಮೊದಲಿನದರ ಬದಲು ಕಟ್ಟಿದ ಎರಡನೇ ರೆಕ್ಕೆಯೊಂದಿಗೆ 1950 ಗ್ರಾಂ ತೂಗುತ್ತಿತ್ತು. ಪರೀಕ್ಷೆಯಲ್ಲಿ ಮುನ್ಸೂಚನೆ ಸ್ಪಷ್ಟವಾಗಿ ಕೊಟ್ಟಿತು: ಮೂತಿ ಮೂರು ಸಲ ಮೆಲ್ಲಗೆ ಏರಿಳಿಯಿತು, ಬಾಲ ಸಣ್ಣಗೆ ಅದುರಿತು. ಆಮೇಲೆ ಬಲಕ್ಕೆ ವಾಲಿ 11 ಮೀಟರ್ ಕಳೆದುಕೊಂಡಿತು. ಗುಣ ಒಳ್ಳೆಯದು, ಮೈ ಭಾರ. ಮೂರನೇ ರೆಕ್ಕೆ ಕಟ್ಟುವುದೆಂದು ತೀರ್ಮಾನವಾಯಿತು.

ಏಪ್ರಿಲ್, ಎರಡನೇ ವಾರ

ಭಾರ ಏಕೆ ಕಾಡುತ್ತದೆ ಎನ್ನುವುದಕ್ಕೆ ಲೆಕ್ಕ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. 38 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ ಒಂದು ಘನಮೀಟರಿಗೆ ಸುಮಾರು 1.06 ಕೆಜಿ. ಪುಸ್ತಕದ ಲೆಕ್ಕಗಳು ಹಿಡಿಯುವ 1.225ಕ್ಕಿಂತ 14 ಶೇಕಡಾದಷ್ಟು ತೆಳು. ಪ್ರೊಪೆಲ್ಲರ್ ಅಷ್ಟೇ ಸುತ್ತು ತಿರುಗಿದರೂ ಎಳೆತ ಅಷ್ಟು ಕಡಿಮೆ. ಸ್ಟಾಲ್ ವೇಗ 7ರಿಂದ 8 ಶೇಕಡಾ ಹೆಚ್ಚು. 1950 ಗ್ರಾಂ ಪುಷ್ಪಕದ ಸ್ಟಾಲ್ ವೇಗ ಗಂಟೆಗೆ 34 ಕಿಮೀ ಆಸುಪಾಸು, 1650 ಗ್ರಾಂಗೆ ಇಳಿಸಿದರೆ 31ರಿಂದ 32. ಎರಡು-ಮೂರು ಕಿಮೀ ಕಡಿಮೆ ಎಂದು ತಳ್ಳಿಹಾಕುವಂತಿಲ್ಲ. 60 ಮೀಟರ್ ಓಡುದಾರಿಯಲ್ಲಿ ಕೊನೆಯ ಬದುವಿಗೆ ಬಡಿಯುವುದಕ್ಕೂ ಅದರ ಮುಂಚೆ ನಿಲ್ಲುವುದಕ್ಕೂ ಇರುವ ಅಂತರವೇ ಅಷ್ಟು.

300 ಗ್ರಾಂ ಹೀಗೆ ಇಳಿಯಬೇಕು: ರೆಕ್ಕೆಯಲ್ಲಿ 180, ಬ್ಯಾಟರಿಯಲ್ಲಿ 90, ಬಾಲ ಮತ್ತು ಅದಕ್ಕಾಗಿ ಮೂತಿಗೆ ಹಾಕಿದ ಸೀಸದಲ್ಲಿ 30. ಬಾಲದಲ್ಲಿ 1 ಗ್ರಾಂ ಹೆಚ್ಚಾದರೆ ಸಮತೋಲಕ್ಕೆ ಮೂತಿಯಲ್ಲಿ 2 ಗ್ರಾಂ ಬೇಕಾಗುತ್ತದೆ. ಆದ್ದರಿಂದ ಬಾಲದ ಮರ ಆರಿಸುವಾಗಲೇ ಜಿಪುಣರಾಗಬೇಕು.

ಬ್ಯಾಟರಿ 4 ಸೆಲ್‌ನಿಂದ 3 ಸೆಲ್‌ಗೆ ಬಂತು, 3300 ಎಂಎಎಚ್ ಅಷ್ಟೇ ಉಳಿಯಿತು. 910 ಕೆವಿಯ (ಒಂದು ವೋಲ್ಟಿಗೆ ನಿಮಿಷಕ್ಕೆ 910 ಸುತ್ತಿನ) 3536 ಅಳತೆಯ ಮೋಟಾರ್ ಅದೇ. ಪ್ರೊಪೆಲ್ಲರ್ ಮಾತ್ರ 10×5ರ ಬದಲು 12×6 (ಇಂಚಿನಲ್ಲಿ ವ್ಯಾಸ ಮತ್ತು ಒಂದು ಸುತ್ತಿಗೆ ಮುಂದೆ ಸಾಗುವ ದೂರ). ಹೀರುವ ವಿದ್ಯುತ್ ಹೆಚ್ಚುಕಡಿಮೆ ಅಷ್ಟೇ, ಸುಮಾರು 31 ಆಂಪಿಯರ್. ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಿ ಹೆಚ್ಚು ಗಾಳಿ ತಳ್ಳುವುದರಿಂದ ಎಳೆತ ಕಡಿಮೆಯಾಗಲಿಲ್ಲ. ವೇಗ ತಗ್ಗಿತು, ಈ ವಿಮಾನಕ್ಕೆ ವೇಗ ಬೇಕಿಲ್ಲ. ಮೋಟಾರಿನ ವೇಗ ಹಿಡಿತದಲ್ಲಿಡುವ 50 ಆಂಪಿಯರ್ ಇಎಸ್‌ಸಿ ಬಿಸಿಲಲ್ಲೂ ತಾಳುತ್ತದೆ. 40ರದ್ದು ಏಪ್ರಿಲ್‌ನಲ್ಲಿ ಕೈಗೆ ಸುಡುವಷ್ಟು ಕಾಯುತ್ತದೆ.

ಏಪ್ರಿಲ್, ಕೊನೆ

ರೆಕ್ಕೆ. ಹಿಂದಿನ ಎರಡರಲ್ಲೂ ಊರುಗೋಲು ಬರೀ ಅಲಂಕಾರವಾಗಿತ್ತು. ಹಾಗಾಗಿ ರೆಕ್ಕೆ ಮಡಚದಂತೆ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ದಪ್ಪ ಇಡಬೇಕಾಗಿತ್ತು. ಅಸಲಿ ಪುಷ್ಪಕದಲ್ಲಿ ಭಾರ ಹೊರುವುದು ಊರುಗೋಲೇ. ಅದೇ ದಾರಿ ಹಿಡಿದೆವು. ಸ್ಪ್ರೂಸ್ ಮರದ ಸ್ಪಾರ್ 5×5 ಮಿಮೀ ಇದ್ದದ್ದು 5×3 ಆಯಿತು, ಮೇಲೊಂದು ಕೆಳಗೊಂದು, ನಡುವೆ ಎರಡನ್ನೂ ಜೋಡಿಸುವ 1.5 ಮಿಮೀ ಬಾಲ್ಸಾ ವೆಬ್. ವೆಬ್‌ನ ಎಳೆ ನೆಟ್ಟಗೆ ನಿಂತಿರಬೇಕು. ಅಡ್ಡ ಎಳೆಯಲ್ಲಿ ಅಂಟಿಸಿದರೆ ಮೊದಲ ಬಿರುಸು ತಿರುವಿನಲ್ಲೇ ಬಿರಿಯುತ್ತದೆ.

ಊರುಗೋಲು 6 ಮಿಮೀ ಕಾರ್ಬನ್ ಕಡ್ಡಿ. ಹಾರುವಾಗ ಅದು ಎಳೆತದಲ್ಲಿರುತ್ತದೆ, ಜೋರಾಗಿ ನೆಲಕ್ಕೆ ಕೂತಾಗ ಒತ್ತಡಕ್ಕೆ ಸಿಗುತ್ತದೆ. ತೆಳು ತಂತಿ ಎಳೆತಕ್ಕೆ ಸಾಕು, ಒತ್ತಡಕ್ಕೆ ಬಾಗುತ್ತದೆ. ತುದಿಗಳಿಗೆ ದಾರ ಬಿಗಿದು ಸುತ್ತಿ ಎಪಾಕ್ಸಿ ಕುಡಿಸಬೇಕು. ರೆಕ್ಕೆಯ ಕಡೆ 3 ಮಿಮೀ ಪ್ಲೈ ಪಟ್ಟಿ ಎರಡು ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ದಾಟಿ ಅಂಟಿರಬೇಕು. ಎಂ3 ಬೋಲ್ಟಿಗೆ ಸುಲಭಕ್ಕೆ ಸಡಿಲಾಗದ ನೈಲಾಕ್ ನಟ್, ಪ್ರತಿ ಹಾರಾಟದ ಮುಂಚೆ ಬೆರಳಿನಿಂದ ತಿರುವಿ ನೋಡುವುದು. ಆ ಒಂದು ನಟ್ ಸಡಿಲಾದರೆ ರೆಕ್ಕೆ ಪುಸ್ತಕದಂತೆ ಮಡಚಿಕೊಳ್ಳುತ್ತದೆ.

ಬಾಲ್ಸಾವನ್ನು ತಕ್ಕಡಿಯಲ್ಲಿಟ್ಟೇ ಬೇರೆ ಮಾಡಬೇಕು. 1.5 ಮಿಮೀ ದಪ್ಪ, 10 ಸೆಂಮೀ ಅಗಲ, 1 ಮೀಟರ್ ಉದ್ದದ ಹಾಳೆ 15ರಿಂದ 18 ಗ್ರಾಂ ಇದ್ದರೆ ಮುಂಚೂಣಿಯ ಹೊದಿಕೆಗೆ, 25ರಿಂದ 30 ಇದ್ದರೆ ವೆಬ್‌ಗೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದೊಂದು ಕಡೆ 13 ರಿಬ್, 65 ಮಿಮೀ ಅಂತರ, 2 ಮಿಮೀ ಬಾಲ್ಸಾ. ಬುಡದ ಎರಡು ಮಾತ್ರ 3 ಮಿಮೀ ಪ್ಲೈ. ಈ ಸೆಕೆಯಲ್ಲಿ 5 ನಿಮಿಷದ ಎಪಾಕ್ಸಿ ಎರಡು ನಿಮಿಷಕ್ಕೇ ಗಟ್ಟಿಯಾಗುತ್ತದೆ. ಕಲಸುವ ಮೊದಲೇ ಎಲ್ಲ ಜೋಡಿಸಿಟ್ಟುಕೊಳ್ಳಬೇಕು, ಇಲ್ಲವೇ ರಾತ್ರಿ ಕೂರಬೇಕು.

ತೂಕ ನೋಡಿದಾಗ 430 ಗ್ರಾಂ. ಹಳೆಯದು 610 ಇತ್ತು.

ಮೇ, ಮೊದಲ ವಾರ

ಮೊದಲ ಹಾರಾಟದಲ್ಲಿ ವಿಮಾನ ಹಗುರ, ಏರು ಚೆನ್ನ, ಆದರೆ ಸ್ಟಾಲ್‌ನಲ್ಲಿ ಮತ್ತೆ ಬಲಕ್ಕೇ ವಾಲಿತು. ಕೆಳಗಿಳಿಸಿ ರೆಕ್ಕೆಯನ್ನು ಗಾಜಿನ ಮೇಜಿನ ಮೇಲಿಟ್ಟು ಅಳೆದೆವು.

ತುದಿ ಬುಡಕ್ಕಿಂತ 2 ಡಿಗ್ರಿ ಕೆಳಮುಖವಾಗಿರಬೇಕು. ಇದೇ ವಾಶ್‌ಔಟ್, ಬುಡ ಮೊದಲು ಸ್ಟಾಲ್ ಆಗಲಿ ಎಂದು. 210 ಮಿಮೀ ಅಗಲದ ರೆಕ್ಕೆಯಲ್ಲಿ 2 ಡಿಗ್ರಿ ಎಂದರೆ ತುದಿಯ ಹಿಂಬದಿ ಅಂಚು ಮೇಜಿನಿಂದ 7 ಮಿಮೀ ಎದ್ದಿರಬೇಕು. ಎಡಗಡೆ 7 ಇತ್ತು. ಬಲಗಡೆ ಬರೀ 2. ಕಟ್ಟುವಾಗ ಎರಡೂ ಸರಿಯಾಗಿದ್ದವು. ಕೆಟ್ಟದ್ದು ಫಿಲ್ಮ್ ಹೊದಿಸುವಾಗ. ಬಲರೆಕ್ಕೆಯ ಮೇಲ್ಭಾಗವನ್ನು ಪೂರ್ತಿ ಬಿಗಿಗೊಳಿಸಿ ಆಮೇಲೆ ಕೆಳಭಾಗಕ್ಕೆ ಕೈ ಹಾಕಿದ್ದರಿಂದ, ಫಿಲ್ಮ್ ಕುಗ್ಗುತ್ತಾ ಇಡೀ ರೆಕ್ಕೆಯನ್ನು ತಿರುಚಿತ್ತು. ರೆಕ್ಕೆ ಹಗುರವಾದಷ್ಟೂ ಫಿಲ್ಮಿನ ಮಾತು ಹೆಚ್ಚು ಕೇಳುತ್ತದೆ.

ತಿದ್ದಲು ಇಬ್ಬರು ಬೇಕು. ಒಬ್ಬರು ತುದಿ ಹಿಡಿದು ಬೇಕಾದ ದಿಕ್ಕಿಗೆ, 7 ಮಿಮೀಗಿಂತ ತುಸು ಹೆಚ್ಚೇ, ತಿರುಚಿ ಹಿಡಿಯಬೇಕು. ಇನ್ನೊಬ್ಬರು ಹೀಟ್ ಗನ್ನಿನಿಂದ ಸುಕ್ಕು ಬಂದ ಕಡೆ ಮಾತ್ರ ಬಿಸಿ ಕೊಡಬೇಕು, ಮೇಲೊಮ್ಮೆ ಕೆಳಗೊಮ್ಮೆ. ಗನ್ ತೆಗೆದ ಮೇಲೂ ಪೂರ್ತಿ ಆರುವತನಕ ಕೈ ಬಿಡಬಾರದು. ಅವಸರದಲ್ಲಿ ಬಿಟ್ಟರೆ ಮತ್ತೆ ಹಳೆಯ ಜಾಗಕ್ಕೇ ಹೋಗುತ್ತದೆ. ಮೂರು ಸುತ್ತಿನಲ್ಲಿ 7ಕ್ಕೆ ಬಂತು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ರೆಕ್ಕೆ ಇಟ್ಟರೆ ಇದೆಲ್ಲ ವ್ಯರ್ಥ. ಹಾಗಾಗಿ ಪ್ರತಿ ಭಾನುವಾರ ಹೊಲಕ್ಕೆ ಹೊರಡುವ ಮುಂಚೆ 7 ಮಿಮೀ ಮರದ ಪಟ್ಟಿ ತೂರಿಸಿ ನೋಡುತ್ತೇವೆ.

ಉಳಿದ ಹೊಂದಿಕೆ: ಸಿಜಿ ಮುಂಚೂಣಿಯಿಂದ 62 ಮಿಮೀ. ಮೋಟಾರ್ 3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ. ಏಲೆರಾನ್ ಮೇಲಕ್ಕೆ 16 ಮಿಮೀ, ಕೆಳಕ್ಕೆ 8 ಮಾತ್ರ. ಎರಡೂ ಸಮ ಇಟ್ಟರೆ ತಿರುವಿನಲ್ಲಿ ಮೂತಿ ಉಲ್ಟಾ ದಿಕ್ಕಿಗೆ ಎಳೆಯುತ್ತದೆ. ಏಲೆರಾನ್ ಜೊತೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಬೆರಕೆ 25 ಶೇಕಡಾ. ಇಳಿಯುವಾಗ ರೆಕ್ಕೆ ವಾಲಿದರೆ ಏಲೆರಾನಿಗೆ ಕೈ ಹಾಕದೆ ರಡ್ಡರಿನಿಂದ ಎತ್ತಬೇಕು. ನಿಧಾನ ವೇಗದಲ್ಲಿ ಏಲೆರಾನ್ ಕೆಳಗಿಳಿದ ರೆಕ್ಕೆಯೇ ಮೊದಲು ಸೋಲುತ್ತದೆ.

ಮೇ, ಮೂರನೇ ವಾರ

1655 ಗ್ರಾಂ. ಸ್ಟಾಲ್ ಪರೀಕ್ಷೆ ಹತ್ತು ಸಲ: ಹತ್ತರಲ್ಲೂ ಮೂತಿ ತಲೆದೂಗಿ ನೇರ ತಗ್ಗಿತು, ನಷ್ಟ 7ರಿಂದ 8 ಮೀಟರ್. ಸರಾಸರಿ 12 ಆಂಪಿಯರಿನಲ್ಲಿ 13 ನಿಮಿಷ ಹಾರಿ, ಬ್ಯಾಟರಿಯಲ್ಲಿ 20 ಶೇಕಡಾ ಉಳಿಸಿಕೊಂಡು ಇಳಿಯಬಹುದು. ಎಂಟು ಗಂಟೆಯೊಳಗೆ ಮುಗಿಸುತ್ತೇವೆ. ಆಮೇಲೆ ಕಪ್ಪು ನೆಲ ಕಾದು ಸುಳಿಗಾಳಿ ಏಳುತ್ತದೆ, ಅದರೊಳಗೆ ಇಷ್ಟು ಹಗುರ ವಿಮಾನ ತೂರಿಸುವುದು ಬೇಡ.

ಮೂವರ ಮತವೂ ಈಗ ಪುಷ್ಪಕಕ್ಕೆ. ಗಾಳಿ ಹೆಚ್ಚಿದ ದಿನ ಮಾತ್ರ ಫ್ಲೈಯಿಂಗ್ ವಿಂಗ್ ಹೊರಗೆ ಬರುತ್ತದೆ, ಹೊಸ ಕೈಗೆ ಫೋಮಿನ ಸೆಸ್ನಾ. ಎಚ್‌ಟಿ-2 ಬಿಡಲು ಮನಸ್ಸಿಲ್ಲ. ಅದಕ್ಕೆ ಹೊಸ ರೆಕ್ಕೆಯ ನಕ್ಷೆ ಮೇಜಿನ ಮೇಲಿದೆ: ತುದಿ 15 ಮಿಮೀ ಅಗಲ ಹೆಚ್ಚು, ವಾಶ್‌ಔಟ್ 2.5 ಡಿಗ್ರಿ, ಒಟ್ಟು ತೂಕದ ಗುರಿ 1300 ಗ್ರಾಂ. ಜೂನ್‌ನಲ್ಲಿ ಪಡುವಣ ಗಾಳಿ ಬೀಸತೊಡಗಿ ಹೊಲಕ್ಕೆ ತೊಗರಿ ಬಿದ್ದ ಮೇಲೆ ರಿಬ್ ಕತ್ತರಿಸುವುದು ಶುರು.