ಐಸ್ ಒಡೆದ ಮೇಲೆ ಯೂಕಾನ್: ಮೇ ತಿಂಗಳಲ್ಲಿ ಕನೂ ಹತ್ತುವವರಿಗೆ

ಕೆನಡಾದ ವಾಯವ್ಯದ ಯೂಕಾನ್ ನದಿಯಲ್ಲಿ ಕನೂ (ಹುಟ್ಟು ಹಾಕುವ ಉದ್ದನೆಯ ಸಣ್ಣ ದೋಣಿ) ಪ್ರವಾಸ ಮಾಡಬೇಕು, ಯಾವಾಗ ಹೋಗೋದು? ಕೆನಡಾದಲ್ಲಿರುವ ನಮ್ಮ ಕನ್ನಡದ ಗೆಳೆಯರು ಇದನ್ನು ಕೇಳುತ್ತಲೇ ಇರುತ್ತಾರೆ. ಜುಲೈ ಎಂದುಬಿಟ್ಟರೆ ಮಾತು ಮುಗಿಯಿತು. ಆದರೆ ಜುಲೈನಲ್ಲಿ ಸೊಳ್ಳೆ ಜಾಸ್ತಿ, ಜನವೂ ಜಾಸ್ತಿ. ನಾವು ಹೋಗಿದ್ದು ಮೇ ಕೊನೆಯ ವಾರದಲ್ಲಿ. ಸೊಳ್ಳೆ ಇಲ್ಲವೆನ್ನುವಷ್ಟು ಕಡಿಮೆ, ಇಡೀ ನದಿ ನಮ್ಮದೇ. ಅದಕ್ಕೆ ತಕ್ಕ ತಯಾರಿ ಮಾತ್ರ ಬೇರೆಯೇ ಬೇಕು.

ಮೊದಲು ಐಸ್ ವಿಷಯ. ಈ ನದಿಯ ದಂಡೆಯ ಡಾಸನ್ ಊರಿನಲ್ಲಿ ಪ್ರತಿ ವರ್ಷ ಹೆಪ್ಪುಗಟ್ಟಿದ ನದಿಯ ಮಧ್ಯೆ ಒಂದು ಮುಕ್ಕಾಲಿ ನಿಲ್ಲಿಸುತ್ತಾರೆ. ಅದರಿಂದ ದಂಡೆಯ ಗಡಿಯಾರಕ್ಕೆ ಒಂದು ತಂತಿ. ಐಸ್ ಜರುಗಿತು ಅಂದರೆ ತಂತಿ ಎಳೆದು ಗಡಿಯಾರ ನಿಲ್ಲುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಎಂದು ಊರಿನವರು ಟಿಕೆಟ್ ಕೊಂಡು ಪಂದ್ಯ ಕಟ್ಟುತ್ತಾರೆ. 1896ರಿಂದ ಈ ದಿನಾಂಕಗಳ ಲೆಕ್ಕ ಇದೆ. ಸಾಮಾನ್ಯವಾಗಿ ಮೇ ಮೊದಲ ಹದಿನೈದು ದಿನದಲ್ಲಿ ಒಡೆಯುತ್ತದೆ, ಈಚೆಗೆ ಕೆಲವು ವರ್ಷ ಏಪ್ರಿಲ್ ಕೊನೆಗೇ ಆಗಿದೆ. ನೂರು ವರ್ಷದ ಹಿಂದಿಗಿಂತ ಈಗ ಸುಮಾರು ಒಂದು ವಾರ ಬೇಗ.

ಇಲ್ಲಿ ನದಿ ಹರಿಯುವುದು ಉತ್ತರದ ಕಡೆಗೆ. ಮೇಲ್ಭಾಗ ದಕ್ಷಿಣದಲ್ಲಿರುವುದರಿಂದ ಅಲ್ಲಿ ಮೊದಲು ಕರಗುತ್ತದೆ. ಆ ನೀರು ಬಂದು ಕೆಳಗಿನ ಗಟ್ಟಿ ಐಸನ್ನು ತಳ್ಳುತ್ತದೆ. ತಿರುವಿನಲ್ಲೋ ನಡುಗಡ್ಡೆಯ ಬಳಿಯೋ ಚಪ್ಪಡಿಗಳು ಸಿಕ್ಕಿಕೊಂಡರೆ ಅದೇ ಒಂದು ಅಣೆಕಟ್ಟು. ಹಿಂದೆ ನೀರು ಗಂಟೆಗಳಲ್ಲಿ ಏರುತ್ತದೆ, ಕಟ್ಟೆ ಒಡೆದಾಗ ಒಂದೇ ಸಲ ನುಗ್ಗುತ್ತದೆ. 1979ರ ಮೇ ತಿಂಗಳಲ್ಲಿ ಡಾಸನ್ ಮುಳುಗಿದ್ದು ಹೀಗೇ. ಈಗ ಊರಿನ ಮುಂದಿರುವ ಎತ್ತರದ ಒಡ್ಡು ಆಮೇಲೆ ಕಟ್ಟಿದ್ದು.

ಹಾಗಾಗಿ ಗಡಿಯಾರ ನಿಂತ ಸುದ್ದಿ ಕೇಳಿ ಮರುದಿನವೇ ದೋಣಿ ಇಳಿಸುವ ಯೋಚನೆ ಬೇಡ. ಮೇಲಿನ ಉಪನದಿಗಳ ಐಸ್ ಇನ್ನೂ ಬರುತ್ತಿರುತ್ತದೆ, ಅದರ ಜೊತೆ ಬೇರುಸಮೇತ ಕಿತ್ತ ಮರಗಳು. ಎರಡು ವಾರವಾದರೂ ಬಿಡಿ. ಐಸ್ ಒಡೆಯುವುದನ್ನೂ ನೋಡಬೇಕು, ಅದೇ ರಜೆಯಲ್ಲಿ ಹುಟ್ಟೂ ಹಾಕಬೇಕು ಅಂದರೆ ಆಗದು. ಒಂದನ್ನು ಆರಿಸಿಕೊಳ್ಳಿ.

ಇನ್ನೊಂದು ಮುಖ್ಯ ಮಾತು, ಎಷ್ಟೋ ಜನ ಪ್ಲಾನ್ ಮಾಡುವಾಗ ಇದನ್ನು ಗಮನಿಸುವುದೇ ಇಲ್ಲ. ಎಲ್ಲರೂ ಹೊರಡುವುದು ನದಿಯ ಮೇಲ್ಭಾಗದ ವೈಟ್‌ಹಾರ್ಸ್‌ನಿಂದ, ಅಲ್ಲಿಂದ ಡಾಸನ್‌ಗೆ 715 ಕಿಲೋಮೀಟರ್. ಆದರೆ ಆ ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಉದ್ದದ ಲಬಾರ್ಜ್ ಸರೋವರ ಸಿಗುತ್ತದೆ. ವೈಟ್‌ಹಾರ್ಸ್ ಪೇಟೆಯಲ್ಲಿ ನೀರು ಹರಿಯುವುದನ್ನು ನೋಡಿ ಮೋಸ ಹೋಗಬೇಡಿ. ಸರೋವರದಲ್ಲಿ ಐಸನ್ನು ತಳ್ಳುವ ಸೆಳವಿಲ್ಲ, ಅದು ನಿಂತಲ್ಲೇ ಕೊಳೆಯಬೇಕು. ಮೇ ಕೊನೆ, ಕೆಲವೊಮ್ಮೆ ಜೂನ್ ಮೊದಲ ವಾರದವರೆಗೂ ಕೂತಿರುತ್ತದೆ. ಕಪ್ಪಾಗಿ, ಉದ್ದುದ್ದ ಕಡ್ಡಿಗಳಾಗಿ ಬಿಟ್ಟುಕೊಂಡ ಆ ಐಸ್ ಮೇಲೆ ನಡೆಯುವಂತಿಲ್ಲ, ನಡುವೆ ದೋಣಿ ನುಗ್ಗಿಸುವಂತೆಯೂ ಇಲ್ಲ. ಗಾಳಿ ತಿರುಗಿದರೆ ತೆರೆದ ಜಾಗವೂ ಮುಚ್ಚಿಕೊಳ್ಳುತ್ತದೆ.

ನಾವು ಸರೋವರವನ್ನೇ ಬಿಟ್ಟೆವು. ವೈಟ್‌ಹಾರ್ಸ್‌ನಿಂದ ರಸ್ತೆಯಲ್ಲಿ ಎರಡು ಗಂಟೆ ದೂರದ ಕಾರ್ಮ್ಯಾಕ್ಸ್‌ನಲ್ಲಿ ದೋಣಿ ಇಳಿಸಿದೆವು. ಅಲ್ಲಿಂದ ಡಾಸನ್‌ಗೆ ನದಿಯಲ್ಲಿ ಸುಮಾರು 400 ಕಿಲೋಮೀಟರ್. ಮೇ ತಿಂಗಳಲ್ಲಿ ಹೋಗುವವರಿಗೆ ನನ್ನ ಸಲಹೆ ಇದೊಂದೇ ದಾರಿ. ಪೂರ್ತಿ ದೂರ ಬೇಕೇ ಬೇಕು ಅನ್ನುವವರು ಜೂನ್ ಮಧ್ಯದವರೆಗೆ ಕಾಯಲಿ.

ಕಾರ್ಮ್ಯಾಕ್ಸ್ ದಾಟಿದ ಮೇಲೆ ನೀರು ರಭಸದಿಂದ ನುಗ್ಗುವ ಫೈವ್ ಫಿಂಗರ್ ರ‍್ಯಾಪಿಡ್ಸ್ ಬರುತ್ತದೆ. ನಾಲ್ಕು ಬಂಡೆ ದ್ವೀಪಗಳು ನದಿಯನ್ನು ಐದು ಕವಲು ಮಾಡಿವೆ. ಬಲಗಡೆಯ ಕವಲೇ ಹಿಡಿಯಬೇಕು, ಬೇರೆ ಯೋಚನೆಯೇ ಬೇಡ. ದೂರದಿಂದಲೇ ಬಲದಂಡೆಗೆ ಒತ್ತಿಕೊಂಡು ಬನ್ನಿ. ದೋಣಿ ಇಳಿಸುವ ಮುನ್ನ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಮೇಲಿನಿಂದ ಇದನ್ನು ನೋಡಿಕೊಂಡು ಬಂದರೆ ಒಳ್ಳೆಯದು. ನಾವು ನೋಡಿದ್ದರಿಂದ ಎದೆ ಢವಢವ ಸ್ವಲ್ಪ ಕಡಿಮೆಯಾಯಿತು. ಮುಂದಿನ ರಿಂಕ್ ರ‍್ಯಾಪಿಡ್ಸ್‌ನಲ್ಲೂ ಬಲಕ್ಕೇ ಇರಿ.

ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಮಾಡಿದ್ದೇವೆ, ಇದೇನು ಮಹಾ ಅನ್ನುವವರಿಗೆ ಒಂದು ಮಾತು. ಅಲ್ಲಿ ನೀರಿಗೆ ಬಿದ್ದರೆ ನಗುತ್ತಾ ಮೇಲೆ ಬರುತ್ತೇವೆ. ಇಲ್ಲಿ ನೀರು ಐಸಾಗಿದ್ದು ಮೊನ್ನೆ ಮೊನ್ನೆ. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನ ಬಗ್ಗೆ ಸಂಶೋಧನೆ ಮಾಡಿದವರು. ಅವರ ಲೆಕ್ಕ ನೆನಪಿಡಲು ಸುಲಭ: 1-10-1. ಮೊದಲ 1 ನಿಮಿಷ ಉಸಿರು ಹತೋಟಿಗೆ ತರಲು, ಮುಂದಿನ 10 ನಿಮಿಷ ಕೈಕಾಲು ಮಾತು ಕೇಳುವ ಸಮಯ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಲೈಫ್ ಜಾಕೆಟ್ ಮೈಮೇಲಿದ್ದರೆ ಮಾತ್ರ ಆ ಒಂದು ಗಂಟೆ ಸಿಗುವುದು. ನೀರು ಒಳಗೆ ಬಿಡದ ಡ್ರೈಸೂಟ್ ಉಡುಪಿನ ಬಾಡಿಗೆ ದುಬಾರಿ, ಆದರೂ ಅದರಲ್ಲಿ ಮಾತ್ರ ಜುಗ್ಗತನ ಬೇಡ. ಮತ್ತೆ, ನದಿಯ ನಡುವೆ ಹೋಗುವುದಕ್ಕಿಂತ ದಂಡೆಗೆ ಈಜಿ ಸೇರುವಷ್ಟು ಹತ್ತಿರ ಇರಿ.

ದಂಡೆ ಅಂದಾಗ ನೆನಪಾಯಿತು. ನದಿ ಎಸೆದು ಹೋದ ಐಸ್ ಚಪ್ಪಡಿಗಳು ಕೆಸರು ಮೆತ್ತಿಕೊಂಡು ದಂಡೆಯ ಮೇಲೆ ರಾಶಿ ಬಿದ್ದಿರುತ್ತವೆ. ಕೆಲವು ಆಳೆತ್ತರ. ಬಿಸಿಲಿಗೆ ಅಡಿ ಕರಗಿ ದಡಾರನೆ ಉರುಳುತ್ತವೆ. ಅವುಗಳ ಕೆಳಗೆ ದೋಣಿ ನಿಲ್ಲಿಸಬೇಡಿ, ಪಕ್ಕದಲ್ಲಿ ಟೆಂಟ್ ಹಾಕಬೇಡಿ. ಇದರಿಂದಾಗಿ ತಂಗುವ ಜಾಗ ಹುಡುಕಲು ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕು. ಸಂಜೆ ಬೇಗ ಹುಡುಕಲು ಶುರು ಮಾಡಿ. ಕತ್ತಲಾಗುವ ಭಯವಿಲ್ಲ, ಮೇ ಕೊನೆಗೆ ರಾತ್ರಿಯಿಡೀ ಮಬ್ಬು ಬೆಳಕಿರುತ್ತದೆ. ನಿದ್ದೆಗೆ ಕಣ್ಣುಪಟ್ಟಿ ಇರಲಿ.

ಮರಳ ನಡುಗಡ್ಡೆಗಳು ಟೆಂಟಿಗೆ ಚೆನ್ನಾಗಿರುತ್ತವೆ. ಆದರೆ ಮೂಸ್ ಎಂಬ ದೈತ್ಯ ಜಿಂಕೆಯ ಹೆಣ್ಣುಗಳು ಮರಿ ಹಾಕುವುದು ಇದೇ ಸಮಯದಲ್ಲಿ, ಎಷ್ಟೋ ಸಲ ಇಂಥ ನಡುಗಡ್ಡೆಗಳಲ್ಲೇ. ಮರಿ ಇರುವ ತಾಯಿ ಕಂಡರೆ ಸುಮ್ನೆ ಮುಂದಿನ ನಡುಗಡ್ಡೆಗೆ ಹೋಗಿ. ಕರಡಿಗಳೂ ಚಳಿಗಾಲದ ನಿದ್ದೆ ಮುಗಿಸಿ ಹಸಿದಿರುತ್ತವೆ. ಕರಡಿಯನ್ನು ಓಡಿಸುವ ಖಾರದ ಸ್ಪ್ರೇ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ವೈಟ್‌ಹಾರ್ಸ್‌ನಲ್ಲೇ ಕೊಳ್ಳಿ. ಒಲೆಯ ಇಂಧನವೂ ಅಷ್ಟೇ. ನಾವು ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್, ಚಟ್ನಿಪುಡಿ ಒಯ್ದಿದ್ದೆವು. ಬಿಸಿನೀರಿದ್ದರೆ ಸಾಕು, ಊಟ ರೆಡಿ. ಆದರೆ ಒಗ್ಗರಣೆಯ ಘಮ ನಮಗೆ ಮಾತ್ರ ಇಷ್ಟ ಅಂತೇನಿಲ್ಲವಲ್ಲ! ಎಲ್ಲವನ್ನೂ ಕರಡಿಗೆ ತೆಗೆಯಲಾಗದ ಡಬ್ಬಿಯಲ್ಲಿ ಹಾಕಿ, ಟೆಂಟಿನಿಂದ ದೂರ ಇಡಿ. ಅಡುಗೆಯೂ ಅಲ್ಲೇ ದೂರದಲ್ಲಿ.

ಪೆಲ್ಲಿ ನದಿ ಸೇರಿದ ಮೇಲೆ ಎಡದಂಡೆಯಲ್ಲಿ ಫೋರ್ಟ್ ಸೆಲ್ಕರ್ಕ್ ಸಿಗುತ್ತದೆ. ರಸ್ತೆಯೇ ಇಲ್ಲದ ಊರು, ಹಳೆಯ ಮರದ ದಿಮ್ಮಿಯ ಮನೆಗಳು ಸಾಲಾಗಿ ನಿಂತಿವೆ. ಎದುರು ದಂಡೆಯಲ್ಲಿ ಉದ್ದಕ್ಕೂ ಕಪ್ಪು ಲಾವಾ ಗೋಡೆ. ಅರ್ಧ ದಿನ ಇಲ್ಲಿಗೆಂದೇ ಇಟ್ಟುಕೊಳ್ಳಿ.

ಮುಂದೆ ವೈಟ್ ನದಿ ಸೇರಿದ ಮೇಲೆ ನೀರು ಬೂದಿ ಕಲಸಿದಂತಾಗುತ್ತದೆ. ಆ ಹೂಳು ದೋಣಿಯ ತಳಕ್ಕೆ ತಾಗಿ ಸರಸರ ಸದ್ದು ಮಾಡುತ್ತಲೇ ಇರುತ್ತದೆ. ನೀರಿನ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕೂ ಮೊದಲೇ ತಿಳಿನೀರು ತುಂಬಿಕೊಳ್ಳಿ, ಇಲ್ಲವೇ ಬಕೆಟ್‌ನಲ್ಲಿ ರಾತ್ರಿಯಿಟ್ಟು ತಿಳಿಯಾದ ಮೇಲೆ ಸೋಸಿ.

ಕಾರ್ಮ್ಯಾಕ್ಸ್ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ನಂಬಬೇಡಿ, ಸ್ಯಾಟಲೈಟ್ ಸಂದೇಶದ ಯಂತ್ರ ಬೇಕು. ಡಾಸನ್ ಇರುವುದು ಬಲದಂಡೆಯಲ್ಲಿ, ಕ್ಲಾಂಡೈಕ್ ನದಿ ಸೇರಿದ ಕೂಡಲೇ. ಸೆಳವು ಜೋರು, ಮೊದಲೇ ಬಲಕ್ಕೆ ಬಂದು ಊರಿನ ಕೆಳತುದಿಯ ಫೆರಿ ಓಡಾಡುವ ಜಾಗಕ್ಕಿಂತ ಮುಂಚೆ ದಡ ಹತ್ತಿ. ಕನೂ ಬಾಡಿಗೆಯವರು ಡಾಸನ್‌ನಲ್ಲಿ ದೋಣಿ ವಾಪಸು ತೆಗೆದುಕೊಳ್ಳುತ್ತಾರೆ, ಅದಕ್ಕೆ ಬೇರೆ ಚಾರ್ಜ್. ಆದರೆ ಮೇ ತಿಂಗಳಲ್ಲಿ ಅವರ ಗಾಡಿ ಓಡಾಡುತ್ತದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ದೋಣಿ ಹೊತ್ತುಕೊಂಡು ವೈಟ್‌ಹಾರ್ಸ್‌ಗೆ 500ಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆಯ ಏರ್ಪಾಡು ನೀವೇ ಮಾಡಿಕೊಳ್ಳಬೇಕಾಗುತ್ತದೆ.