ಕಸೂತಿ ಸೆರಗು: ನಾಲ್ಕನೇ ಗೋಪುರದವರೆಗೆ

ಕರಿ ಕೈಮಗ್ಗದ ಹತ್ತಿ ಬಟ್ಟೆ, ಕೆಂಪು ಮತ್ತು ಬಿಳಿ ರೇಷ್ಮೆ ದಾರ, 4 ಎಳೆಗೊಂದು ಹೊಲಿಗೆ. ಧಾರವಾಡದ ಕಡೆ ಮದುವಣಗಿತ್ತಿ ಉಡುತ್ತಿದ್ದ ಕರಿ ಚಂದ್ರಕಾಳಿ ಸೀರೆಯೇ ಮಾದರಿ. ಸೆರಗಿಗೆ 5 ಗೋಪುರದ ಚಿತ್ತಾರ, 3 ಮುಗಿದಿವೆ. ನಾಲ್ಕನೆಯದು ಅರ್ಧ ಬಿಚ್ಚಿದ್ದಾಗಿದೆ.

ತಪ್ಪಿದ್ದು ಒಂದೇ ಎಳೆ. ಎರಡನೇ ಮೆಟ್ಟಿಲಲ್ಲಿ ಒಂದು ಹೊಲಿಗೆ 5 ಎಳೆ ದಾಟಿತ್ತು. ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಎಡಬಲದಿಂದ ಏರಿದ ಗೆರೆಗಳು ಕಳಸದ ಬುಡದಲ್ಲಿ ಕೂಡದಿದ್ದಾಗ ಗೊತ್ತಾಯಿತು. ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಣಿಕೆಯೇ ನಕ್ಷೆ. ಕರಿ ಬಟ್ಟೆಯಾದರೆ ತೊಡೆ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ. ನೇಯ್ಗೆಯ ಸಂದಿಯಲ್ಲಿ ಬಿಳಿ ಚುಕ್ಕೆ ಮೂಡಿ ಎಳೆ ಎಣಿಸಲು ಬರುತ್ತದೆ. ಬಿಚ್ಚುವಾಗ ಸೂಜಿಯ ಹಿಂತುದಿಯಿಂದ ಒಂದೊಂದೇ ಹೊಲಿಗೆ ಎತ್ತಬೇಕು. ದಾರ ಹಿಡಿದು ಎಳೆದರೆ ಬಟ್ಟೆಯ ಎಳೆ ಸರಿದು ಮುಂದಿನ ಎಣಿಕೆಯೂ ಕೆಡುತ್ತದೆ.

ಹೊರಗೆರೆಗೆ ಗವಂತಿ ಎಂಬ ಗೆರೆ ಹೊಲಿಗೆ, ಮೆಟ್ಟಿಲಿಗೆ ಮುರ್ಗಿ ಎಂಬ ಅಂಕುಡೊಂಕು ಹೊಲಿಗೆ. ಎರಡರ ಕ್ರಮವೂ ಒಂದೇ: ಹೋಗುವಾಗ ಒಂದು ಮೇಲೆ, ಒಂದು ಕೆಳಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಗವಂತಿ ಎಂಬ ಹೆಸರು ಗಂಟಿನಿಂದ ಬಂತು ಅನ್ನುತ್ತಾರೆ, ಆದರೆ ಕಸೂತಿಗೆ ಗಂಟೇ ಹಾಕುವುದಿಲ್ಲ. ಸೆರಗು ತಲೆ ಮೇಲೆ ಹೊದ್ದಾಗ ಒಳಬದಿಯೂ ಕಾಣುತ್ತದೆ, ಎರಡೂ ಕಡೆ ಒಂದೇ ಥರ ಇರಲೇಬೇಕು. ಶುರುವಿಗೆ ನಾಲ್ಕು ಬೆರಳಷ್ಟು ದಾರ ಬಿಟ್ಟು, ಆಮೇಲೆ ಹೊಲಿಗೆಯ ಅಡಿಯಲ್ಲೇ ಸೇರಿಸಿ.

ಹೊಸಬರು ಎಡವುವುದು ಸೂಜಿ ಸಾಗುವ ದಾರಿಯಲ್ಲಿ. ಗೋಪುರದ ಬಾಗಿಲ ಚೌಕಕ್ಕೆ 24 ಹೊಲಿಗೆ. ಒಂದು ಸುತ್ತು ಮುಗಿಸಿ ಅದೇ ದಿಕ್ಕಿನಲ್ಲಿ ಮುಂದುವರಿದರೆ, ಸಂಖ್ಯೆ ಸಮ ಆದ್ದರಿಂದ ಹೊಲಿಗೆ ಹಳೆಯದರ ಮೇಲೇ ಬೀಳುತ್ತದೆ, ಖಾಲಿ ಜಾಗ ಖಾಲಿಯೇ. ಬಂದ ದಾರಿಯಲ್ಲೇ ತಿರುಗಬೇಕು. ಕಳಸದಂಥ ಕವಲು ಸಿಕ್ಕರೆ ಹೋಗುವಾಗಲೇ ಅದರ ತುದಿ ಮುಟ್ಟಿ, ತುಂಬಿಕೊಂಡು ಬುಡಕ್ಕಿಳಿದು ಮುಂದೆ ಸಾಗಿ. ಬರುವಾಗ ಅದರ ಗೊಡವೆ ಬೇಡ.

ನೇಗಿ ಎಂಬ ಓಡುಹೊಲಿಗೆಯನ್ನು ಬುಡದ ಪಟ್ಟಿಗಷ್ಟೇ ಇಟ್ಟಿದೆ. ನೇಯ್ದಂತೆಯೇ ಕಾಣುವ ಚೆಲುವು ಅದಕ್ಕಿದೆ, ಆದರೆ ಹಿಂಬದಿಯಲ್ಲಿ ಚಿತ್ತಾರ ತಿರುವುಮುರುವು. ಮೆಂತಿ ಎಂಬ X ಆಕಾರದ ಹೊಲಿಗೆ ಇಲ್ಲಿ ಬೇಡವೇ ಬೇಡ. ಹಿಂದೆ ಹೊಂದುವುದಿಲ್ಲ, ದಾರವೂ ಜಾಸ್ತಿ ತಿನ್ನುತ್ತದೆ.

ಹೊಸ ಕೆಂಪು ದಾರದ ಲಡಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿದರೆ ಬಣ್ಣ ಹತ್ತಿತು. ಮೊದಲ ಮೂರು ಗೋಪುರದ ದಾರ ಬೇರೆ ಲಡಿಯದು, ಅದು ಬಿಟ್ಟಿರಲಿಲ್ಲ. ಇದನ್ನು ನೀರು ತಿಳಿಯಾಗುವ ತನಕ ತಣ್ಣೀರಲ್ಲಿ ಜಾಲಿಸಿ ನೆರಳಿಗೆ ಹಾಕಿದೆ. ಒಣಗಿದ ಮೇಲೆ ನಾಲ್ಕನೆಯದರ ಕಳಸ.